ಮಲ್ಲಯ್ಯನಿಗೆ ಹನ್ನೊಂದು ಕಿಲೋಮೀಟರ್ ಬಾಕಿ

ಟಿನ್ ಫ್ಯಾಕ್ಟರಿಯ ಹಿಂದಿನ ಓಣಿಯಲ್ಲಿ ಪಿಳ್ಳಮ್ಮನ ವಠಾರವಿದೆ. ಎಂಟು ಬಾಡಿಗೆ ಕೋಣೆ, ಒಂದೇ ನಲ್ಲಿ. ಮೂರನೇ ಕೋಣೆಯಲ್ಲಿ ಯಾದಗಿರಿ ಕಡೆಯ ಸಾಯಬಣ್ಣ, ಅವನ ಹೆಂಡತಿ ಅಯ್ಯಮ್ಮ. ಸಾಯಬಣ್ಣನದು ಟೈಲ್ಸ್ ಹಾಕುವ ಕೆಲಸ. ಹೊರಮಾವಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಅವನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತಿತ್ತು. ಅಂಥ ಕೈ ಅವನದು. ಆದರೆ ಈ ಕೆಲಸಕ್ಕೆ ಕೈ ಒಂದಿದ್ದರೆ ಸಾಲದು, ಮೊಣಕಾಲೂ ಬೇಕು. ದಿನವಿಡೀ ಕುಕ್ಕರಗಾಲಲ್ಲಿ ಕೂರಬೇಕು, ಏಳಬೇಕು, ಮತ್ತೆ ಕೂರಬೇಕು. ಎರಡೂವರೆ ತಿಂಗಳಿಂದ ಸಾಯಬಣ್ಣನ ಬಲ ಮೊಣಕಾಲು ಕೂತರೆ ಏಳಲು ಬಿಡುತ್ತಿರಲಿಲ್ಲ, ಎದ್ದರೆ ಕೂರಲು ಬಿಡುತ್ತಿರಲಿಲ್ಲ.

ನೋವು ಎಲ್ಲಿಂದ ಬಂತು ಎಂದು ಆಮೇಲೆ ವಠಾರಕ್ಕೆಲ್ಲ ಗೊತ್ತಾಯಿತು. ಯುಗಾದಿಗೆ ಮುಂಚೆ ಸಾಯಬಣ್ಣ ಊರಿಗೆ ಹೋಗಿ, ಊರವರ ಜೊತೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಿದ್ದ. ಅವರ ಕಡೆ ಅದು ದೊಡ್ಡ ಸಂಭ್ರಮ. ಶ್ರೀಶೈಲದ ಭ್ರಮರಾಂಬೆ ಅವರ ಪಾಲಿಗೆ ಮನೆಮಗಳು, ಮಲ್ಲಯ್ಯ ಮನೆಯ ಅಳಿಯ. ಮಗಳಿಗೆ ಸೀರೆ ಹೊತ್ತು ತವರಿನವರು ನಡೆದೇ ಹೋಗುತ್ತಾರೆ. ಆದರೆ ನಮ್ಮ ಸಾಯಬಣ್ಣ ಬೆಂಗಳೂರಿನಲ್ಲಿ ಹಾಲು ತರಲೂ ಯಾರದಾದರೂ ಬೈಕಿನ ಹಿಂದೆ ಕೂರುವ ಆಸಾಮಿ. ಒಂದು ದಿನವೂ ಅಭ್ಯಾಸ ಮಾಡದೆ, ಸವೆದ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ಮುನ್ನೂರು ಕಿಲೋಮೀಟರಿಗೆ ಎದೆಯೊಡ್ಡಿದ.

ವಠಾರಕ್ಕೆ ಗೊತ್ತಿಲ್ಲದ ಸಂಗತಿಯೂ ಒಂದಿತ್ತು. ಏಳನೇ ದಿನ ನಡುಮಧ್ಯಾಹ್ನ, ಕಾಲಲ್ಲಿ ಬೊಕ್ಕೆ ಎದ್ದು, ಕಣ್ಣು ಕತ್ತಲೆ ಬಂದು, ಸಾಯಬಣ್ಣ ಗುಂಪಿನಿಂದ ಹಿಂದೆ ಉಳಿದ. ಆಗ ಯಾತ್ರಿಕರಿಗೆ ಮಜ್ಜಿಗೆ ಹಂಚುವ ಟೆಂಪೋ ಪಕ್ಕದಲ್ಲೇ ನಿಧಾನ ಮಾಡಿತು. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ, ಹಿಂದಿನಿಂದ ಹತ್ತಿ, ಚುರುಮುರಿ ಚೀಲಗಳ ನಡುವೆ ಗೋಣಿತಾಟು ಹೊದ್ದು ಮಲಗಿಬಿಟ್ಟ. ಇಳಿಯುವಷ್ಟರಲ್ಲಿ ಹನ್ನೊಂದು ಕಿಲೋಮೀಟರ್ ಆಗಿತ್ತು. ಹನ್ನೊಂದೇ ಎಂದು ಹೇಗೆ ಗೊತ್ತು? ಗೋಣಿಯ ಸಂದಿಯಿಂದ ಒಂದೊಂದೇ ಕಿಲೋಮೀಟರ್ ಕಲ್ಲು ಎಣಿಸಿದ್ದ. ತಪ್ಪು ಮಾಡುವವನಿಗೆ ಲೆಕ್ಕ ಮಾತ್ರ ತಪ್ಪುವುದಿಲ್ಲ ನೋಡಿ!

ಮುಂದಿನ ದಿನ ಕಾಡಿನಲ್ಲಿ ಭೀಮನಕೊಳ್ಳದ ಇಳಿಜಾರು ಇಳಿಯುವಾಗ ಬಲ ಮೊಣಕಾಲು ಚುಳ್ ಎಂದಿತು. ಸಾಯಬಣ್ಣನಿಗೆ ಸಂಶಯವೇ ಬರಲಿಲ್ಲ. ಮಲ್ಲಯ್ಯ ನೋಡಿಬಿಟ್ಟಿದ್ದಾನೆ, ಮೋಸಕ್ಕೆ ಶಿಕ್ಷೆ ಕೊಟ್ಟಿದ್ದಾನೆ ಎಂದು ತೀರ್ಮಾನಿಸಿದ. ವಠಾರಕ್ಕೆ ಬಂದ ಮೇಲಾದರೂ ಬಾಯಿ ಬಿಟ್ಟನೇ? ಅದರ ಬದಲು ನಲ್ಲಿಯ ಹತ್ತಿರ ನಿಂತು, "ಒಂದ್ ಹೆಜ್ಜಿನೂ ಗಾಡಿ ಹತ್ತಿಲ್ಲ ನೋಡ್ರಿ ಪಿಳ್ಳಮ್ಮಾ, ಎಲ್ಲಾ ಕಾಲಿಂದೇ ಕೆಲಸ," ಎಂದು ಎದೆ ತಟ್ಟಿಕೊಂಡ.

ಅಷ್ಟು ಹೇಳಿದ ಮೇಲೆ ನೋವು ಎಂದು ಒಪ್ಪಿಕೊಳ್ಳುವುದು ಹೇಗೆ? ನುಂಗಿಕೊಂಡು ಕೆಲಸಕ್ಕೆ ಹೋದ. ಕೂರಲಾಗದೆ ಒಂದು ಕಾಲು ಚಾಚಿಕೊಂಡೇ ಟೈಲ್ಸ್ ಹಾಕಿದ. ಒಂದು ದಿನ ಐದನೇ ಮಹಡಿಯ ಸ್ನಾನದ ಮನೆ ಮುಗಿಯಿತು. ಮೇಸ್ತ್ರಿ ಆದಿನಾರಾಯಣ ಬಂದು, ನೆಲ ಪರೀಕ್ಷಿಸಲು ಒಂದು ಬಕೆಟ್ ನೀರು ಸುರಿದ. ನೀರು ಮೋರಿಯ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಹೊಸ್ತಿಲು ದಾಟಿ, ಮಲಗುವ ಕೋಣೆಗೆ ಹೋಗಿ, ಅಲ್ಲಿ ನೆಮ್ಮದಿಯಾಗಿ ನಿಂತುಕೊಂಡಿತು.

ಆದಿನಾರಾಯಣ ಖಾಲಿ ಬಕೆಟ್ ಕೆಳಗಿಟ್ಟ.

"ಏನಯ್ಯಾ ಸಾಯಬಣ್ಣಾ, ಮನೆಯವ್ರು ಸ್ನಾನ ಮಾಡೋದು ಮಂಚದ ಮೇಲಾ?"

"ನೆಲದ ವಾಟ ಸ್ವಲ್ಪ ಆ ಕಡಿ ಇಳಿಜಾರ ಆಗ್ಯಾದ್ರಿ ಮೇಸ್ತ್ರಿ."

"ಸ್ವಲ್ಪನಾ? ಮೀನು ಬಿಟ್ರೆ ಬದುಕ್ತವೆ. ನಿನ್ನ ಕೈ ಕೆಟ್ಟಿಲ್ಲ ಅಂತ ನಂಗೊತ್ತು, ಏನೋ ಮುಚ್ಚಿಡ್ತಿದ್ದೀಯ. ನೋಡು, ಈ ಬಿಲ್ಡಿಂಗಲ್ಲಿ ಇನ್ನೂ ಮೂವತ್ತು ಸ್ನಾನದ ಮನೆ ಇದೆ. ಹದಿನೈದು ದಿನ ಟೈಮ್ ಕೊಡ್ತೀನಿ. ಸರಿ ಹೋದ್ರೆ ನೀನೇ ಮಾಡು. ಇಲ್ಲಾಂದ್ರೆ ಬೇರೆಯವ್ರನ್ನ ಕರೀತೀನಿ, ಬೇಜಾರ್ ಮಾಡ್ಕೋಬೇಡ."

ಹದಿನಾಲ್ಕು ವರ್ಷದಲ್ಲಿ ಸಾಯಬಣ್ಣ ಕಲಿತ ವಿದ್ಯೆ ಅದೊಂದೇ. ಕೂರಲಾಗದ ಟೈಲ್ಸ್ ಕೆಲಸಗಾರನನ್ನು ಯಾರು ಕರೆಯುತ್ತಾರೆ?

ವಿಷಯ ತಿಳಿದದ್ದೇ ತಡ, ಪಿಳ್ಳಮ್ಮ ವೈದ್ಯಕ್ಕೆ ಇಳಿದಳು. ಮೊದಲು ಎಣ್ಣೆ ಬಿಸಿ ಮಾಡಿ ಬಂದು ಮೊಣಕಾಲನ್ನು ಚಪಾತಿ ಹಿಟ್ಟಿನಂತೆ ನಾದಿದಳು. ಸಾಯಬಣ್ಣ ಕಿರುಚಿದ್ದು ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನವರಿಗೂ ಕೇಳಿಸಿರಬೇಕು. ಆಮೇಲೆ ತನ್ನ ಸೊಂಟನೋವಿನ ಮಾತ್ರೆ ಕೊಟ್ಟಳು. ನಾಲ್ಕು ದಿನ ನುಂಗಿದ್ದಕ್ಕೆ ಮೊಣಕಾಲು ನೋವು ಇದ್ದಲ್ಲೇ ಇತ್ತು, ಜೊತೆಗೆ ಹೊಟ್ಟೆ ಉರಿ ಶುರುವಾಯಿತು. ಕೊನೆಗೆ ಪಿಳ್ಳಮ್ಮ ತೀರ್ಪು ಕೊಟ್ಟಳು. "ಅಯ್ಯೋ ಸಾಮಿ, ಶಿವಾಜಿನಗರಕ್ಕೆ ಹೋಗು. ಅಹ್ಮದ್ ಪಾಷಾ ಅಂಗಡೀಲಿ ಆಡಿನ ಕಾಲು ಸೂಪು ಕುಡಿ. ಕಾಲಿಗೆ ಕಾಲೇ ಔಷಧಿ ಕಣಪ್ಪಾ. ಒಂದೇ ವಾರ, ಆಡಿನ ಥರ ನೆಗೀತೀಯ!"

ನೆಗೆಯುವ ಆಸೆಗೆ ಸಾಯಬಣ್ಣ ಬಸ್ಸು ಹತ್ತಿದ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಆ ಅಂಗಡಿಯಲ್ಲಿ ಮೂರು ಬಟ್ಟಲು ಸೂಪು ಕುಡಿದು, ನಾಲ್ಕನೆಯದಕ್ಕೆ ಕೈ ಚಾಚಿದಾಗ ಅಹ್ಮದ್ ಪಾಷಾ ಸೌಟು ಕೆಳಗಿಟ್ಟ.

"ಅರೇ ಭಾಯ್, ಹಸಿವಿಗೆ ಕುಡೀತಿದೀಯೋ, ನೋವಿಗೆ ಕುಡೀತಿದೀಯೋ?"

"ಮೊಣಕಾಲ ನೋವಿಗ್ರಿ."

ಪಾಷಾ ಲುಂಗಿ ಸ್ವಲ್ಪ ಮೇಲೆತ್ತಿದ. ಅವನ ಎರಡೂ ಮೊಣಕಾಲಿಗೆ ಪಟ್ಟಿ ಇತ್ತು. "ಇಪ್ಪತ್ತೆರಡು ವರ್ಷದಿಂದ ಈ ಸೂಪು ಮಾಡ್ತಿದೀನಿ. ದಿನಾ ಎರಡು ಬಟ್ಟಲು ನಾನೇ ಕುಡೀತೀನಿ. ಇದ್ರಿಂದ ಮೊಣಕಾಲು ಸರಿ ಹೋಗೋದಾದ್ರೆ ನನಗ್ಯಾಕೆ ಈ ಪಟ್ಟಿ, ಹೇಳು? ಸೂಪು ನಾಲಿಗೆಗೆ ಕುಡಿ. ಮೊಣಕಾಲು ಡಾಕ್ಟರ್‌ಗೆ ತೋರ್ಸು. ಇಲ್ಲೇ ಸರ್ಕಾರಿ ಆಸ್ಪತ್ರೇಲಿ ರಶ್ಮಿ ಮೇಡಂ ಅಂತ ಇದಾರೆ, ಕಸರತ್ತು ಹೇಳ್ಕೊಡ್ತಾರೆ. ನಾನೂ ಅಲ್ಲೇ ಹೋಗೋದು."

ತನ್ನ ವ್ಯಾಪಾರ ತಾನೇ ಕೆಡಿಸಿಕೊಂಡು ಸತ್ಯ ಹೇಳುವ ಮನುಷ್ಯ ಸಿಗುವುದು ಅಪರೂಪ. ಆದರೆ ಸಾಯಬಣ್ಣ ಕೇಳಬೇಕಲ್ಲ! ದೇವರು ಕೊಟ್ಟ ನೋವನ್ನು ಡಾಕ್ಟರು ಹೇಗೆ ತೆಗೆದಾರು ಎಂಬುದು ಅವನ ವಾದ. ಬಾಕಿ ಇಟ್ಟದ್ದು ಹನ್ನೊಂದು ಕಿಲೋಮೀಟರ್, ತೀರಿಸಿದರೆ ನೋವು ತಾನಾಗೇ ಹೋಗುತ್ತದೆ ಎಂದು ಮನಸ್ಸಿನಲ್ಲೇ ಇತ್ಯರ್ಥ ಮಾಡಿಕೊಂಡ.

ಮರುದಿನದಿಂದ ಬೆಳಿಗ್ಗೆ ಐದಕ್ಕೇ ಎದ್ದು, ಹೆಂಡತಿಗೆ ಹೇಳದೆ, ಬರಿಗಾಲಲ್ಲಿ ಹೊರಡತೊಡಗಿದ. ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರದ ತನಕ ಕಾಂಕ್ರೀಟಿನ ಮೇಲೆ ನಡೆಯುವುದು, ಭೀಮನಕೊಳ್ಳದ ಬದಲಿಗೆ ರಸ್ತೆ ದಾಟುವ ಮೇಲ್ಸೇತುವೆಯ ಮೆಟ್ಟಿಲು ಐದು ಸಲ ಹತ್ತಿ ಇಳಿಯುವುದು, ಮತ್ತೆ ವಾಪಸ್ಸು. ಎರಡು ದಿನಕ್ಕೆ ಹನ್ನೊಂದು ಮುಗಿಯಿತು. ನೋವು ಹೋಗಲಿಲ್ಲ, ಹೆಚ್ಚಾಯಿತು. ಮೋಸಕ್ಕೆ ದಂಡ ಬೇರೆ ಇರಬೇಕು ಎಂದುಕೊಂಡು ಇನ್ನೊಂದು ಹನ್ನೊಂದು ನಡೆದ. ಇನ್ನೂ ಹೆಚ್ಚಾಯಿತು. ಮಲ್ಲಯ್ಯ ಬಹಳ ಖಡಕ್ ಎಂದುಕೊಂಡು ಮತ್ತೊಂದು ಹನ್ನೊಂದು ನಡೆದ. ಹೀಗೇ ವಾರ ಕಳೆಯುವಷ್ಟರಲ್ಲಿ ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರದವನಾದ.

ಅಯ್ಯಮ್ಮನಿಗೆ ಸಾಕಾಯಿತು. ಮೇಸ್ತ್ರಿ ಕೊಟ್ಟ ಹದಿನೈದು ದಿನದಲ್ಲಿ ಹನ್ನೆರಡು ಮುಗಿದಿತ್ತು. "ಎಣ್ಣಿ ಆತು, ಸೂಪ್ ಆತು, ಇನ್ನ ನಿಮ್ಮ ಮಾತ ನಾ ಕೇಳಂಗಿಲ್ಲ. ಏಳ್ರಿ ಮ್ಯಾಲ," ಎಂದು ಆಟೋ ಕರೆದು, ಗಂಡನನ್ನು ಹೆಚ್ಚು ಕಡಿಮೆ ಸಾಮಾನಿನಂತೆ ಅದರೊಳಗೆ ತುಂಬಿ ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಮೂಳೆ ಡಾಕ್ಟರು ಮೊಣಕಾಲು ಮಡಚಿ, ಬಿಡಿಸಿ, ಅಲ್ಲಾಡಿಸಿ ನೋಡಿದರು. ಊತ ಇಲ್ಲ, ಕೀಲು ಸಿಕ್ಕಿಹಾಕಿಕೊಳ್ಳುತ್ತಿಲ್ಲ, ನಿಂತಾಗ ಕಾಲು ತಟ್ಟನೆ ಕುಸಿಯುತ್ತಿಲ್ಲ. "ಈಗಲೇ ಎಕ್ಸ್‌ರೇ ಬೇಡ, ಫಿಸಿಯೋಥೆರಪಿ ಮಾಡಿಸಿ," ಎಂದು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿದ್ದವಳೇ ಪಾಷಾ ಹೇಳಿದ ರಶ್ಮಿ, ದಾವಣಗೆರೆಯ ಹುಡುಗಿ. ಮಾತು ಮೃದು, ಕಣ್ಣು ಬಹಳ ಚುರುಕು.

"ದಿನಾ ಎಷ್ಟು ನಡೀತೀರಿ ಅಣ್ಣಾ?"

"ಎಲ್ಲಿ ನಡೀಲಿ ಮೇಡಮ್ಮಾರೆ? ಮನ್ಯಾಗೇ ಬಿದ್ದಿರ್ತೀನಿ."

"ಹೌದಾ? ಕಾಲು ಸ್ವಲ್ಪ ಮೇಲೆತ್ರಿ."

ಸಾಯಬಣ್ಣ ಅಮಾಯಕನಂತೆ ಕಾಲೆತ್ತಿದ. ಅಂಗಾಲಿನ ತುಂಬ ಹೊಸ ಬೊಕ್ಕೆ, ಡಾಂಬರಿನ ಕಪ್ಪು, ಹಿಮ್ಮಡಿಗೆ ಅಂಟಿದ ಅರ್ಧ ಬಸ್ ಟಿಕೆಟ್.

ರಶ್ಮಿ ಆ ಟಿಕೆಟನ್ನು ಬಿಡಿಸಿ ಅಯ್ಯಮ್ಮನ ಕೈಗೆ ಕೊಟ್ಟಳು. "ನಿಮ್ಮನೇಲಿ ಬಸ್ ಓಡುತ್ತೇನಕ್ಕಾ?"

ಅಯ್ಯಮ್ಮ ಗಂಡನ ಮುಖ ನೋಡಿದಳು. ಆ ನೋಟಕ್ಕೆ ಎಂಥೆಂಥವರೂ ಬಾಯಿ ಬಿಟ್ಟಾರು. ಸಾಯಬಣ್ಣ ಟೆಂಪೋ, ಗೋಣಿತಾಟು, ಹನ್ನೊಂದು ಕಲ್ಲು, ಮೇಲ್ಸೇತುವೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. "ನಾ ಕಳ್ಳ ಮೇಡಮ್ಮಾರೆ. ದೇವರಿಗೇ ಮೋಸ ಮಾಡೀನಿ. ಅದಕ್ಕ ಕೆಲಸಾನೂ ಕಸ್ಕೊಳ್ಳಲಕತ್ತಾನ."

ಅಯ್ಯಮ್ಮನಿಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಹತ್ತಿರ ಬಂದು ಅವನ ಬೆನ್ನ ಮೇಲೆ ಕೈ ಇಟ್ಟಳು.

"ಹುಚ್ಚಪ್ಪಾ, ಇದನ್ನ ನಂಗ ಹೇಳ್ಲಿಕ್ಕೆ ಏನಾಗಿತ್ತು? ಮಲ್ಲಯ್ಯ ನಮ್ಮ ಅಳಿಯ ಹೌದಲ್ಲೋ? ಬಿಸಿಲಾಗ ಬಿದ್ದ ಬೀಗರನ್ನ ಗಾಡಿ ಹತ್ತಿಸಿ ಕರ್ಕೊಂಡು ಬರೋನು ಅಳಿಯ. ಕಾಲು ಮುರಿಯೋನಲ್ಲ."

ರಶ್ಮಿ ಎದುರಿನ ಸ್ಟೂಲಿನ ಮೇಲೆ ಕೂತಳು. "ದೇವರ ವಿಷಯ ಅಕ್ಕನೇ ಹೇಳಿದ್ರು. ಮೊಣಕಾಲಿನ ವಿಷಯ ನಾನು ಹೇಳ್ತೀನಿ, ಕೇಳ್ರಿ. ಮೊಣಕಾಲಿನ ಚಿಪ್ಪನ್ನ ಹಿಡಿದು ನಡೆಸೋದು ತೊಡೆಯ ಸ್ನಾಯು. ಅದಕ್ಕೆ ಶಕ್ತಿ ಇಲ್ದಿದ್ರೆ ಭಾರ ಎಲ್ಲಾ ಚಿಪ್ಪಿನ ಹಿಂದೆ ಬೀಳುತ್ತೆ. ನೀವು ಅಭ್ಯಾಸ ಇಲ್ದೆ ಒಂಬತ್ತು ದಿನ ನಡೆದ್ರಿ. ಇಳಿಜಾರು ಇಳಿಯುವಾಗ ಇನ್ನೂ ಜಾಸ್ತಿ ಭಾರ ಬಿತ್ತು. ಬಂದ್ಮೇಲೆ ವಿಶ್ರಾಂತಿ ಕೊಡ್ಲಿಲ್ಲ, ಕುಕ್ಕರಗಾಲಲ್ಲಿ ಕೂತ್ರಿ. ಈಗ ಬರಿಗಾಲಲ್ಲಿ ಮೆಟ್ಟಿಲು ಬೇರೆ. ಗಾಯದ ಮೇಲೆ ದಿನಾ ಕೆರೆದ್ರೆ ಮಾಯುತ್ತೇನ್ರಿ?"

"ಆದ್ರೂ ಮೇಡಮ್ಮಾರೆ, ಹುಲಿಗೆಪ್ಪ ಮುತ್ಯಾಗ ಗೊತ್ತಾದ್ರ ನನ್ನ ಗುಂಪಿನಾಗ ಸೇರಿಸಂಗಿಲ್ರಿ." ಹುಲಿಗೆಪ್ಪ ಎಂದರೆ ಊರಿನ ಪಾದಯಾತ್ರೆಯ ಮುಖಂಡ, ನಲವತ್ತು ವರ್ಷ ನಡೆದ ಹಿರಿಯ. ಸಾಯಬಣ್ಣನಿಗೆ ಮಲ್ಲಯ್ಯನಷ್ಟೇ ಅವನ ಭಯ.

ಅಯ್ಯಮ್ಮ ಫೋನು ತೆಗೆದು ಹುಲಿಗೆಪ್ಪನಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. "ಮುತ್ಯಾ, ನಿಮ್ಮ ಸಾಯಬಣ್ಣ ಏಳನೇ ದಿನ ಮಜ್ಜಿಗಿ ಟೆಂಪೋದಾಗ ಹನ್ನೊಂದು ಕಿಲೋಮೀಟರ್ ಕದ್ದು ಬಂದಾನಂತ. ಏನ್ ಶಿಕ್ಷಾ ಕೊಡ್ತೀರಿ ಕೊಡ್ರಿ."

ಸಾಯಬಣ್ಣ ಕಣ್ಣು ಮುಚ್ಚಿಕೊಂಡ.

"ಹಿಂದ ಚುರುಮುರಿ ಚೀಲದ ಸಂದ್ಯಾಗ ಕೆಮ್ಮಿದಾಂವ ಅವನೇ ಏನು?" ಎಂದಿತು ಮುದಿ ದನಿ.

"ಹೌದ್ರಿ ಮುತ್ಯಾ. ನಿಮಗ ಹ್ಯಾಂಗ ಗೊತ್ತು?"

"ಡ್ರೈವರ್ ಬಾಜೂಕ ತಲಿಮ್ಯಾಲ ಟವೆಲ್ ಹಾಕ್ಕೊಂಡು ನಾನೇ ಕುಂತಿದ್ದೆ ತಂಗಿ! ಯಾರರ ನೋಡ್ಯಾರು ಅಂತ ಜೀವ ಕೈಯಾಗ ಹಿಡ್ಕೊಂಡಿದ್ದೆ." ಸಣ್ಣ ದನಿಯಲ್ಲಿ ಸೇರಿಸಿದ: "ನಂದು ಎರಡೂ ಮೊಣಕಾಲ ಹಿಡ್ದಾವ. ದಿನಾ ಮುಂಜಾನಿ ಹಣಮಪ್ಪನ ಗುಡ್ಡ ಹತ್ತಿ ಇಳ್ಯಾಕತ್ತೀನಿ. ಬಾಕಿ ತೀರವಲ್ದು."

ರಶ್ಮಿ ನಕ್ಕ ನಗೆಗೆ ಕೋಣೆಯಲ್ಲಿದ್ದ ಇತರ ರೋಗಿಗಳೂ ತಿರುಗಿ ನೋಡಿದರು. ಅವಳು ಫೋನಿಗೆ ಬಾಯಿ ಹಚ್ಚಿ, "ಅಜ್ಜಾರೆ, ನಾಳೆಯಿಂದ ಗುಡ್ಡ ಬಂದ್. ಹತ್ತಿರದ ಆಸ್ಪತ್ರೆಗೆ ಹೋಗಿ ತೋರಿಸ್ರಿ," ಎಂದಳು. ಸಾಯಬಣ್ಣ ಎರಡೂವರೆ ತಿಂಗಳಲ್ಲಿ ಮೊದಲ ಸಲ ಮನಸಾರೆ ನಕ್ಕ.

ಅವತ್ತೇ ಅಭ್ಯಾಸ ಶುರುವಾಯಿತು. ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವ ತನಕ ಹಿಡಿಯಬೇಕು. ಹತ್ತು ಸಲ.

"ಇಷ್ಟೇ ಏನ್ರಿ?" ಎಂದು ಸಾಯಬಣ್ಣ ಮೂಗು ಮುರಿದ. "ನಾ ಇಪ್ಪತ್ತೈದು ಕಿಲೋ ಟೈಲ್ಸ್ ಪೆಟ್ಟಿಗಿ ಹೊರಾಂವ. ಟವೆಲ್ ಒತ್ತೋದು ಕೂಸುಗಳ ಆಟ." ಏಳನೇ ಸಲಕ್ಕೆ ಅವನ ತೊಡೆ ಗಡಗಡ ನಡುಗಿತು. ಹತ್ತನೆಯದಕ್ಕೆ ಹಣೆಯ ಮೇಲೆ ಬೆವರು. ಆಮೇಲೆ ಮೂಗು ಇದ್ದಲ್ಲೇ ಇತ್ತು.

ಇನ್ನೊಂದು, ಮಲಗಿಕೊಂಡು ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದು ಗೇಣು ಮೇಲೆತ್ತುವುದು. ಕೆಲವು ವಾರ ಕುಕ್ಕರಗಾಲು ಬೇಡ, ಸಾಧ್ಯವಾದಷ್ಟು ಮೆಟ್ಟಿಲೂ ಬೇಡ. ಹಾಗೆಂದು ಮಂಚ ಹಿಡಿಯುವಂತೆಯೂ ಇಲ್ಲ. ಒಳ್ಳೆಯ ಶೂ ಹಾಕಿ ಸಮ ನೆಲದಲ್ಲಿ ಹತ್ತು ನಿಮಿಷ ನಡೆಯುವುದು, ಮರುದಿನ ನೋವು ಹೆಚ್ಚಾಗದಿದ್ದರೆ ವಾರಕ್ಕಿಷ್ಟು ಏರಿಸುವುದು. ನೋವು ಕೆರಳಿದ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ. ಪಿಳ್ಳಮ್ಮನ ಮಾತ್ರೆಯ ಕಥೆ ಕೇಳಿ ಮಾತ್ರ ರಶ್ಮಿ ಗಂಭೀರಳಾದಳು. "ಅವರಿಗೆ ಬರೆದ ಮಾತ್ರೆ ಅವರಿಗೇ. ಕೇಳ್ದೆ ನುಂಗಿದ್ರೆ ಹೊಟ್ಟೆ, ಕಿಡ್ನಿ ಎರಡೂ ಹಾಳಾಗ್ತವೆ ಅಣ್ಣಾ."

ಮೇಸ್ತ್ರಿಯ ಹತ್ತಿರ ಹೋಗುವುದೇ ಎಲ್ಲಕ್ಕಿಂತ ಕಷ್ಟದ ಕೆಲಸವಾಗಿತ್ತು. ಹದಿನೈದನೇ ದಿನ ಸಾಯಬಣ್ಣ ಹೊರಮಾವಿಗೆ ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿದ. ಆಸ್ಪತ್ರೆಯ ಚೀಟಿ ತೋರಿಸಿದ. "ಎಂಟು ವಾರ ಕೂಡಂಗಿಲ್ರಿ ಮೇಸ್ತ್ರಿ. ನಿಂತು ಮಾಡೋ ಕೆಲಸ ಏನಿದ್ರೂ ಕೊಡ್ರಿ."

ಆದಿನಾರಾಯಣ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದನ್ನ ಮೊದ್ಲೇ ಬೊಗಳಿದ್ರೆ ನನ್ನ ಒಂದು ಸ್ನಾನದ ಮನೆ ಉಳೀತಿತ್ತಲ್ಲಯ್ಯಾ! ಹೋಗು, ಕಟಿಂಗ್ ಮೆಷಿನ್ ಮೇಜಿನ ಮೇಲೆ ಇಡಿಸ್ತೀನಿ. ನಿಂತು ಟೈಲ್ಸ್ ಕತ್ತರಿಸು. ನಿನ್ನ ಜಾಗ ಎಲ್ಲೂ ಹೋಗಲ್ಲ."

ವಠಾರದಲ್ಲಿ ಬೆಳಿಗ್ಗೆ ಸಂಜೆ ಅಭ್ಯಾಸ ನಡೆಯಿತು. ಅಯ್ಯಮ್ಮ ಕನ್ನಡದಲ್ಲಿ ಎಣಿಸಿದರೆ, ಬಾಗಿಲಲ್ಲಿ ನಿಂತ ಪಿಳ್ಳಮ್ಮ "ಒಣ್ಣು, ರೆಂಡು, ಮೂಣು" ಎಂದು ತಮಿಳಿನಲ್ಲಿ ಎಣಿಸುತ್ತಿದ್ದಳು. ಇಬ್ಬರ ಲೆಕ್ಕ ಕೂಡದೆ ಸಾಯಬಣ್ಣ ಹತ್ತರ ಬದಲು ಹದಿನಾಲ್ಕು ಮಾಡಿದ ದಿನಗಳೂ ಉಂಟು. ಮೂರನೇ ವಾರ ಮೆಟ್ಟಿಲು ಇಳಿಯುವಾಗ ನೋವು ಅರ್ಧಕ್ಕರ್ಧ ಇಳಿದಿತ್ತು. ಎಂಟನೇ ವಾರ ರಶ್ಮಿ ಪರೀಕ್ಷೆ ಮಾಡಿ, "ಕೂತು ಮಾಡೋ ಕೆಲಸ ಸ್ವಲ್ಪ ಸ್ವಲ್ಪ ಶುರು ಮಾಡ್ರಿ. ಮಣೆ ಇಟ್ಕೊಳ್ರಿ, ಮೊಣಕಾಲಿಗೆ ಪ್ಯಾಡ್ ಕಟ್ರಿ, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ರಿ," ಎಂದಳು.

ಸಾಯಬಣ್ಣ ಮಣೆ, ಪ್ಯಾಡು ಹಿಡಿದು ಆರನೇ ಮಹಡಿಗೆ ಹೋದ. ನಾಲ್ಕು ದಿನದಲ್ಲಿ ಒಂದು ಸ್ನಾನದ ಮನೆ ಮುಗಿಸಿದ. ಆದಿನಾರಾಯಣ ಕೈಯಿಂದ ನೆಲ ಸವರಿ ನೋಡಿ, ಮೆಚ್ಚಿ ತಲೆಯಾಡಿಸಿದ. ಆಮೇಲೆ ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಪ್ಯಾಂಟು ಮೇಲೆ ಸರಿಸಿ ತನ್ನ ಎಡ ಮೊಣಕಾಲು ತೋರಿಸಿದ. ಅದು ಊದಿ ಕುಂಬಳಕಾಯಿ ಆಗಿತ್ತು.

"ತಿಂಗಳಾಯ್ತಯ್ಯಾ. ಯಾರಿಗೂ ಹೇಳಿಲ್ಲ. ಆ ಟವೆಲ್ ವಿದ್ಯೆ ನಂಗೂ ಸ್ವಲ್ಪ ಹೇಳ್ಕೊಡು."

ಸಾಯಬಣ್ಣ ಕೈಯಲ್ಲಿದ್ದ ಕರಣೆ ಕೆಳಗಿಟ್ಟ. "ನಾ ಹೇಳ್ಕೊಡಂಗಿಲ್ರಿ ಮೇಸ್ತ್ರಿ. ನನ್ನ ಕಾಲಿಗಿ ಊತ ಇರ್ಲಿಲ್ಲ, ನಿಮ್ಮ ಕಾಲಿಗಿ ಅದ. ನನ್ನ ಔಷಧಿ ನಿಮಗ ವಿಷ ಆಗಬಹುದು. ಇವತ್ತೇ ಆಸ್ಪತ್ರಿಗಿ ನಡೀರಿ, ನಾ ಸಂಗಡ ಬರ್ತೀನಿ." ಹೀಗೆಂದು ಮೇಸ್ತ್ರಿಯ ತೋಳು ಹಿಡಿದು ಲಿಫ್ಟಿನ ಕಡೆ ನಡೆಸಿಕೊಂಡು ಹೋದ.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಕೇಳುತ್ತ ನಿಮ್ಮ ಕೈ ನಿಮ್ಮ ಮೊಣಕಾಲ ಮೇಲೆ ಹೋಯಿತೇ? ಹಾಗಾದರೆ ಮಾತು ನಿಮಗೇ. ಪಾದಯಾತ್ರೆಗೋ ಬೆಟ್ಟಕ್ಕೋ ಹೊರಡುವುದಿದ್ದರೆ ಎರಡು ಮೂರು ತಿಂಗಳು ಮೊದಲೇ ದಿನಕ್ಕಿಷ್ಟು ನಡೆದು ಕಾಲನ್ನು ಪಳಗಿಸಿ. ಒಳ್ಳೆಯ ಪಾದರಕ್ಷೆ ಹಾಕಿ, ಇಳಿಜಾರಿನಲ್ಲಿ ಕೋಲು ಹಿಡಿದು ಸಣ್ಣ ಹೆಜ್ಜೆ ಇಡಿ. ಬಂದ ಮೇಲೆ ಎರಡು ವಾರವಾದರೂ ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಮೊಣಕಾಲು ಊದಿದರೆ, ಕೆಂಪಾಗಿ ಜ್ವರ ಬಂದರೆ, ಕೀಲು ಸಿಕ್ಕಿಕೊಂಡರೆ, ಕಾಲೂರಲು ಆಗದಿದ್ದರೆ ಒಂದು ದಿನವೂ ಕಾಯಬೇಡಿ. ನೋವನ್ನು ಮುಚ್ಚಿಟ್ಟರೆ ದೇವರು ಮೆಚ್ಚುವುದಿಲ್ಲ, ಮೇಸ್ತ್ರಿಯೂ ಮೆಚ್ಚುವುದಿಲ್ಲ. ಹರಕೆ ದೇವರಿಗೆ ಒಪ್ಪಿಸಿ, ಮೊಣಕಾಲನ್ನು ಮಾತ್ರ ವೈದ್ಯರಿಗೆ ಒಪ್ಪಿಸಿ. ನಾಳೆ ಬೆಳಿಗ್ಗೆಯೇ ಹೋಗಿ; ನಡೆದುಕೊಂಡಲ್ಲ, ಬಸ್ಸಿನಲ್ಲಿ ಕೂತು ಹೋಗಿ!